ಓದುಗರ ಪ್ರಶ್ನೆ: ಪೆಡಲ್ ಸ್ಟೀಲ್ ಗಿಟಾರಿನ ಶ್ರುತಿ ಅಷ್ಟು ವಿಚಿತ್ರವಾಗಿ ಏಕಿದೆ?

ಪ್ರಶ್ನೆ: ಪೆಡಲ್ ಸ್ಟೀಲ್ ಎಂದರೆ ಹವಾಯಿಯನ್ ಗಿಟಾರಿಗೆ ಪೆಡಲ್ ಜೋಡಿಸಿದ ವಾದ್ಯ ಅಷ್ಟೇ ಅಲ್ಲವೇ? ಹಾಗಿದ್ದರೆ ಅದರ ಹತ್ತು ತಂತಿಗಳ ಶ್ರುತಿ ಸಾಲಾಗಿ ಏಕಿಲ್ಲ? ಮೊದಲ ಎರಡು ತಂತಿಗಳು ಮೂರನೆಯ ತಂತಿಗಿಂತ ಕೆಳಗಿನ ಸ್ವರದಲ್ಲಿರುವುದು ತಂತಿ ಕಟ್ಟಿದವರ ತಪ್ಪೇ?

ತಪ್ಪಲ್ಲ. ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ತೋರಿಸಬಹುದು. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ಸುಲಭ. ಆದರೆ ಮೊದಲನೆಯದರೊಳಗೆ ಕುಳಿತಿರುವ ನಂಬಿಕೆಯನ್ನು ಎಬ್ಬಿಸದೆ ಆ ಉತ್ತರಗಳು ಅರ್ಥವಾಗುವುದಿಲ್ಲ.

ಪೆಡಲ್ ಎಂಬುದು ನಾದಕ್ಕೆ ಬಣ್ಣ ಹಚ್ಚುವ ಸಾಧನ, ಅಮೆರಿಕದ ಕಂಟ್ರಿ ಹಾಡುಗಳಲ್ಲಿ ಕೇಳುವ ಆ ಅಳುವಂಥ ಎಳೆತ ಅದರಿಂದಲೇ ಹುಟ್ಟುತ್ತದೆ, ಆದ್ದರಿಂದ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರಿಗೆ ಅಂಗಡಿಯಿಂದ ಒಂದು ಪೆಡಲ್ ತಂದು ಸೇರಿಸಿದರೆ ಕೆಲಸ ಮುಗಿಯಿತು ಎಂಬುದೇ ಆ ನಂಬಿಕೆ. ಇದು ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಎಲೆಕ್ಟ್ರಿಕ್ ಗಿಟಾರಿನವರು ಕಾಲಿನಡಿ ಇಟ್ಟುಕೊಳ್ಳುವ ಎಫೆಕ್ಟ್ ಪೆಡಲ್, ಕೀಬೋರ್ಡಿನ ಸಸ್ಟೇನ್ ಪೆಡಲ್, ಇವನ್ನು ನಾವೆಲ್ಲ ಕಂಡಿದ್ದೇವೆ. ಸಾಲದ್ದಕ್ಕೆ ಪೆಡಲ್ ಸ್ಟೀಲ್ ನುಡಿಸುವವರ ಬಲಗಾಲಿನಡಿಯಲ್ಲಿ ನಾದವನ್ನು ಏರಿಸಿ ಇಳಿಸುವ ವಾಲ್ಯೂಮ್ ಪೆಡಲ್ ಬೇರೆ ಇರುತ್ತದೆ. ಅದು ಪ್ರತ್ಯೇಕ ಉಪಕರಣ. ವಾದ್ಯದ ಹೆಸರಿನಲ್ಲಿರುವ ಪೆಡಲ್ ಅದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಪತ್ರದಲ್ಲಿ ಇದೇ ಗೊಂದಲ ಮರಳಿ ಬಂದಿರುತ್ತದೆ.

ಹೆಸರಿಗೆ ಕಾರಣವಾದ ಪೆಡಲುಗಳು ಎಡಗಾಲಿನ ಕಡೆ ಸಾಲಾಗಿರುತ್ತವೆ, ಅವುಗಳಲ್ಲಿ ವಿದ್ಯುತ್ತಿನ ಸುಳಿವೂ ಇಲ್ಲ. ಹಳೆಯ ಸೈಕಲ್ಲುಗಳ ರಾಡ್ ಬ್ರೇಕನ್ನು ನೆನಪಿಸಿಕೊಳ್ಳಿ: ಒಂದು ತುದಿಯಲ್ಲಿ ಒತ್ತಿದರೆ ಸರಳೊಂದು ಇನ್ನೊಂದು ತುದಿಯಲ್ಲಿ ಎಳೆಯುತ್ತದೆ. ಇಲ್ಲಿಯೂ ವಾದ್ಯದ ಹೊಟ್ಟೆಯಡಿಯಲ್ಲಿ ಓಡುವ ಸರಳುಗಳು ಬಲತುದಿಯ ಚೇಂಜರ್ ಎಂಬ ಭಾಗವನ್ನು ತಿರುಗಿಸುತ್ತವೆ, ಆಗ ಗೊತ್ತುಮಾಡಿದ ತಂತಿ ಮಾತ್ರ ಗೊತ್ತುಮಾಡಿದಷ್ಟೇ ಬಿಗಿಯಾಗುತ್ತದೆ ಅಥವಾ ಸಡಿಲಾಗುತ್ತದೆ. ಮೊಣಕಾಲುಗಳಿಂದ ಒತ್ತುವ ಸನ್ನೆಕೋಲುಗಳ (ಲಿವರುಗಳ) ಕೆಲಸವೂ ಇದೇ. ಅಂದರೆ ಪೆಡಲ್ ಒತ್ತಿದಾಗ ಬದಲಾಗುವುದು ವಾದ್ಯದ ಶ್ರುತಿಯೇ ಹೊರತು ನಾದದ ಬಣ್ಣವಲ್ಲ.

ಎಡಗೈಯಲ್ಲಿ ಹಿಡಿದ ಉಕ್ಕಿನ ಬಾರ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ನೋಡಿದರೆ ಇದರ ಮಹತ್ವ ತಿಳಿಯುತ್ತದೆ. ಬಾರ್ ಎಲ್ಲ ತಂತಿಗಳ ಮೇಲೂ ಅಡ್ಡಲಾಗಿ ಮಲಗಿರುತ್ತದೆ, ಆದ್ದರಿಂದ ಅದನ್ನು ಸರಿಸಿದರೆ ಎಲ್ಲ ಸ್ವರಗಳೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಏರುತ್ತವೆ ಅಥವಾ ಇಳಿಯುತ್ತವೆ. ಅದನ್ನು ಓರೆಯಾಗಿ ಹಿಡಿದು ಸ್ವಲ್ಪ ವ್ಯತ್ಯಾಸ ತರುವ ನಿಪುಣರಿದ್ದಾರೆ, ಆದರೆ ಅದಕ್ಕೆ ಮಿತಿಯಿದೆ. ಒಂದು ಸ್ವರ ಅಲುಗಾಡದೆ ನಿಂತಿರುವಾಗ ಅದರ ಪಕ್ಕದ ಸ್ವರ ಮಾತ್ರ ನುಣುಪಾಗಿ ಮೇಲಕ್ಕೆ ಜರುಗಿ ಹೊಸ ಸ್ವರಮೇಳದಲ್ಲಿ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು, ಅಂದರೆ ಕಾರ್ಡ್) ನೆಲೆಯಾಗುವುದು ಪೆಡಲಿನಿಂದ ಮಾತ್ರ ಸಲೀಸಾಗಿ ಸಾಧ್ಯ. ಅಳುವಂಥ ಎಳೆತಕ್ಕೆ ಬಾರ್ ಒಂದೇ ಸಾಕು; ತಂತಿಗಳ ಮೇಲೆ ತುಂಡೊಂದನ್ನು ಜಾರಿಸಿ ನುಡಿಸುವ ನಮ್ಮ ಗೋಟುವಾದ್ಯವನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಸ್ಟೀಲ್ ಗಿಟಾರಿನಲ್ಲಿ ಸಿ-6 ಎಂಬ ಶ್ರುತಿಯನ್ನು ಜನಪ್ರಿಯಗೊಳಿಸಿದ ಜೆರ್ರಿ ಬರ್ಡ್ ಪೆಡಲುಗಳನ್ನು ಒಪ್ಪಿಕೊಳ್ಳಲೇ ಇಲ್ಲ, ಆದರೂ ಅವರ ನುಡಿಸಾಣಿಕೆಯಲ್ಲಿ ಆರ್ದ್ರತೆಗೆ ಕೊರತೆಯಿಲ್ಲ. ಇಷ್ಟಾದ ಮೇಲೂ ಅಳು ಪೆಡಲಿನಲ್ಲಿದೆ ಎನ್ನುವವರಿಗೆ ನಾನು ಹೇಳುವುದೇನೂ ಉಳಿದಿಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. 1940ರ ಆಸುಪಾಸಿನಲ್ಲಿ ಗಿಬ್ಸನ್ ಕಂಪನಿ ಮಾರಿದ ಎಲೆಕ್ಟ್ರಾಹಾರ್ಪ್ ಮುಂತಾದ ವಾದ್ಯಗಳಲ್ಲಿ ಪೆಡಲುಗಳಿದ್ದುದು ಒಂದು ಶ್ರುತಿಯಿಂದ ಇನ್ನೊಂದಕ್ಕೆ ಬೇಗ ಹೋಗುವುದಕ್ಕಾಗಿ. ಸ್ವರ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ, ಆ ಬದಲಾವಣೆಯೇ ಕೇಳಿಸುವಂತೆ ನುಡಿಸಿ ಹೆಸರಾದವರು ಬಡ್ ಐಸಾಕ್ಸ್. 1954ರಲ್ಲಿ ಬಂದ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿನಲ್ಲಿ ಅವರು ನುಡಿಸಿದ್ದನ್ನು ಕೇಳಿದ ಮೇಲೆ ಇತರ ವಾದಕರೂ ತಮ್ಮ ಗಿಟಾರುಗಳಿಗೆ ಪೆಡಲ್ ಹಾಕಿಸಿಕೊಳ್ಳಲು ಮುಗಿಬಿದ್ದರು.

ಈಗ ಶ್ರುತಿಗೆ ಬರೋಣ. ಇ-9 ಎಂದು ಕರೆಯುವ ಪ್ರಚಲಿತ ಶ್ರುತಿಯಲ್ಲಿ ಮೊದಲ ತಂತಿಯಿಂದ ಹತ್ತನೆಯದರವರೆಗೆ ಇರುವ ಸ್ವರಗಳು ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ. ಇ ಸ್ವರವನ್ನು ಷಡ್ಜ ಎಂದುಕೊಂಡರೆ ನಮಗೆ ಇದು ಇನ್ನೂ ಸ್ಪಷ್ಟವಾಗುತ್ತದೆ: ರಿ, ಕಾಕಲಿ ನಿಷಾದ, ಅಂತರ ಗಾಂಧಾರ, ಸ, ಪ, ಮತ್ತೆ ಗ, ರಿ, ಸ, ಕೈಶಿಕಿ ನಿಷಾದ, ಪ. ಪೆಡಲುಗಳನ್ನೂ ಎ, ಬಿ ಎಂದೇ ಕರೆಯುತ್ತಾರೆ, ಅವಕ್ಕೂ ಸ್ವರಗಳ ಹೆಸರಿಗೂ ಸಂಬಂಧವಿಲ್ಲ. ಎ ಪೆಡಲ್ ಒತ್ತಿದರೆ ಪಂಚಮದ ತಂತಿಗಳೆರಡೂ ಚತುಶ್ರುತಿ ಧೈವತಕ್ಕೆ ಏರುತ್ತವೆ. ಬಿ ಪೆಡಲ್ ಒತ್ತಿದರೆ ಗಾಂಧಾರದ ತಂತಿಗಳೆರಡೂ ಶುದ್ಧ ಮಧ್ಯಮಕ್ಕೆ ಏರುತ್ತವೆ. ಎರಡನ್ನೂ ಒತ್ತಿದಾಗ ಸ-ಗ-ಪ ಮೇಳ ಹೋಗಿ ಸ-ಮ-ಧ ಮೇಳ ಬರುತ್ತದೆ, ಅಂದರೆ ಬಾರನ್ನು ಕದಲಿಸದೆಯೇ ಮಧ್ಯಮವನ್ನು ಆಧಾರವಾಗಿಟ್ಟುಕೊಂಡ ಸ್ವರಮೇಳ ಸಿಕ್ಕಿತು. ಎ ಒಂದನ್ನೇ ಒತ್ತಿದರೆ ಧ-ಸ-ಗ, ಅದು ಮೈನರ್ ಮೇಳ.

ಸಾಲು ತಪ್ಪಿದಂತೆ ಕಾಣುವ ಮೊದಲೆರಡು ತಂತಿಗಳ ಗುಟ್ಟು ಇಲ್ಲಿದೆ. ಮೇಲಿನ ಐದು ತಂತಿಗಳನ್ನು ಸ್ವರದ ಎತ್ತರದ ಕ್ರಮದಲ್ಲಿ ಜೋಡಿಸಿಕೊಳ್ಳಿ: ಮೂರನೆಯದು ಗ, ಮೊದಲನೆಯದು ರಿ, ನಾಲ್ಕನೆಯದು ಸ, ಎರಡನೆಯದು ನಿ, ಐದನೆಯದು ಪ. ಬಿ ಪೆಡಲಿನಿಂದ ಮ, ಎ ಪೆಡಲಿನಿಂದ ಧ ದೊರೆಯುತ್ತವೆ. ಬಾರ್ ಒಂದೇ ಕಡೆ ನಿಂತಿರುವಾಗ ಮ ಗ ರಿ ಸ ನಿ ಧ ಪ, ಧೀರಶಂಕರಾಭರಣದ ಏಳೂ ಸ್ವರಗಳು ಕೈಗೆ ಬಂದವು. ಈ ಎರಡು ತಂತಿಗಳನ್ನು ಎತ್ತರದ ಕ್ರಮಕ್ಕೆ ತಕ್ಕಂತೆ ನಡುವೆ ತುರುಕಿದ್ದರೆ, ಸ್ವರಮೇಳಕ್ಕೆ ಬೇಕಾದ ಗ-ಸ-ಪ ತಂತಿಗಳು ಒಂದರ ಪಕ್ಕ ಒಂದು ಉಳಿಯುತ್ತಿರಲಿಲ್ಲ. ಆದ್ದರಿಂದ ಅವು ಅಂಚಿನಲ್ಲಿವೆ.

ಈ ಏರ್ಪಾಡಿನ ಹಿಂದಿರುವ ಹೆಸರು ಬಡಿ ಎಮನ್ಸ್. 1937ರ ಜನವರಿಯಲ್ಲಿ ಇಂಡಿಯಾನಾದ ಮಿಶವಾಕಾದಲ್ಲಿ ಹುಟ್ಟಿದ ಅವರಿಗೆ ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ಆರು ತಂತಿಯ ಸ್ಟೀಲ್ ಗಿಟಾರ್ ಕೊಡಿಸಿ, ಹತ್ತಿರದ ಸೌತ್ ಬೆಂಡ್ ಊರಿನಲ್ಲಿದ್ದ ಹವಾಯಿಯನ್ ಸಂಗೀತಶಾಲೆಗೆ ಸೇರಿಸಿದರು. 1955ರಲ್ಲಿ, ಹದಿನೆಂಟರ ವಯಸ್ಸಿಗೇ, ಲಿಟಲ್ ಜಿಮ್ಮಿ ಡಿಕನ್ಸ್ ಅವರ ತಂಡದಲ್ಲಿದ್ದರು. ಐಸಾಕ್ಸ್ ಅವರ ಪೆಡಲ್ ಗ ಮತ್ತು ಪ ಎರಡನ್ನೂ ಒಟ್ಟಿಗೇ ಏರಿಸುತ್ತಿತ್ತು. ಆ ಎರಡು ಚಲನೆಗಳನ್ನು ಎರಡು ಪೆಡಲುಗಳಿಗೆ ಬಿಡಿಸಿ ಹಂಚಿದವರು ಎಮನ್ಸ್. ಕೇಳಲು ಸಣ್ಣ ಬದಲಾವಣೆ. ಆದರೆ ಮೇಲೆ ಹೇಳಿದ ಮೈನರ್ ಮೇಳವಾಗಲಿ, ಒಂದು ಸ್ವರ ನಿಂತಿರುವಾಗ ಇನ್ನೊಂದು ಮಾತ್ರ ಜರುಗುವ ಚಲನೆಯಾಗಲಿ, ಇಂದು ಈ ವಾದ್ಯದ ಗುರುತು ಎಂದು ನಾವು ಭಾವಿಸುವ ಬಹುಪಾಲು ಈ ವಿಭಜನೆಯಿಂದಲೇ ಬಂದದ್ದು. 1960ರ ದಶಕದ ಮೊದಲ ವರ್ಷಗಳಲ್ಲಿ ಆ ಎರಡು ಅಂಚಿನ ತಂತಿಗಳನ್ನು ಸೇರಿಸಿದವರೂ ಅವರೇ.

ಅವರು ನುಡಿಸುವುದಕ್ಕೆ ಮಾತ್ರ ನಿಲ್ಲಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. 1957ರಲ್ಲಿ ಶಾಟ್ ಜಾಕ್ಸನ್ ಜೊತೆಗೂಡಿ ಪೆಡಲ್ ಸ್ಟೀಲ್ ತಯಾರಿಸತೊಡಗಿದರು. ಇಬ್ಬರ ಹೆಸರುಗಳ ತುಂಡುಗಳನ್ನು ಸೇರಿಸಿ ಅದಕ್ಕೆ ಶೋ-ಬಡ್ ಎಂದು ಹೆಸರಿಟ್ಟರು. 1963ರಲ್ಲಿ ಅಲ್ಲಿಂದ ಹೊರಬಂದು ರಾನ್ ಲ್ಯಾಶ್ಲಿ ಅವರೊಂದಿಗೆ ಎಮನ್ಸ್ ಗಿಟಾರ್ ಕಂಪನಿಯನ್ನು ಕಟ್ಟಿದರು. ನಾರ್ತ್ ಕ್ಯಾರೊಲಿನಾದ ಬರ್ಲಿಂಗ್‌ಟನ್‌ನಲ್ಲಿ ತಯಾರಾದ ಅದರ ‘ಪುಷ್-ಪುಲ್’ ವಾದ್ಯಗಳನ್ನು ನಾದದ ಗುಣಕ್ಕಾಗಿ ಇಂದಿಗೂ ಹುಡುಕಿಕೊಂಡು ಕೊಳ್ಳುವವರಿದ್ದಾರೆ. ಅದೇ ವರ್ಷ ಅವರು ಹೊರತಂದ ‘ಸ್ಟೀಲ್ ಗಿಟಾರ್ ಜಾಝ್’ ಧ್ವನಿಮುದ್ರಿಕೆಯನ್ನು, ಪೆಡಲ್ ಎಂದರೆ ಅಳು ಎನ್ನುವವರು ಒಮ್ಮೆ ಕೇಳಬೇಕು. ಪೆಡಲುಗಳನ್ನು ಎಡದಿಂದ ಎ, ಬಿ, ಸಿ ಎಂದು ಇಡುವ ಕ್ರಮವನ್ನು ಈಗಲೂ ಎಮನ್ಸ್ ಕ್ರಮ ಎನ್ನುತ್ತಾರೆ; ಅದನ್ನು ತಿರುವುಮುರುವು ಮಾಡಿದರೆ ಜಿಮ್ಮಿ ಡೇ ಹೆಸರಿನ ಕ್ರಮ. 1981ರಲ್ಲಿ ಎಮನ್ಸ್ ಸ್ಟೀಲ್ ಗಿಟಾರ್ ಹಾಲ್ ಆಫ್ ಫೇಮ್‌ಗೆ ಸೇರಿದರು, 2015ರ ಜುಲೈನಲ್ಲಿ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಯಾರೂ ಕೇಳದ, ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ: ಎಲೆಕ್ಟ್ರಾನಿಕ್ ಟ್ಯೂನರಿನ ಮುಳ್ಳು ಸರಿಯಾಗಿ ನಡುವೆ ನಿಲ್ಲುವಂತೆ ಹತ್ತೂ ತಂತಿಗಳನ್ನು ಕೂಡಿಸಿದರೂ ಈ ವಾದ್ಯದ ಸ್ವರಮೇಳಗಳು ಕಿವಿಗೆ ಕರಕರ ಎನಿಸುವುದೇಕೆ? ಟ್ಯೂನರ್ ತಿಳಿದಿರುವುದು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ, ಹಾರ್ಮೋನಿಯಂ, ಪಿಯಾನೊಗಳ ಸಮಪಾಲು ಶ್ರುತಿಯನ್ನು. ಒಳ್ಳೆಯ ತಂಬೂರಿಯ ಷಡ್ಜದೊಳಗಿಂದ ತಾನಾಗಿ ಕೇಳಿಬರುವ ಅಂತರ ಗಾಂಧಾರವು ಟ್ಯೂನರಿನ ಗಾಂಧಾರಕ್ಕಿಂತ ಕೆಳಗಿದೆ. ಅರ್ಧ ಸ್ವರದ ಅಂತರವನ್ನು ನೂರು ಸೆಂಟ್ ಎಂದುಕೊಂಡರೆ ವ್ಯತ್ಯಾಸ ಸುಮಾರು 14 ಸೆಂಟ್. ಉದ್ದವಾಗಿ ಮೊಳಗುವ ಸ್ಟೀಲ್ ಗಿಟಾರಿನಲ್ಲಿ ಇದು ಮುಚ್ಚಿಹೋಗುವುದಿಲ್ಲ, ಆದ್ದರಿಂದ ಅನೇಕ ವಾದಕರು ಗಾಂಧಾರದ ತಂತಿಗಳನ್ನು ಬೇಕೆಂದೇ ಇಳಿಸಿಕೊಳ್ಳುತ್ತಾರೆ. ಎ ಪೆಡಲಿನ ಧೈವತವೂ ಮಧ್ಯಮದ ಮೇಳದಲ್ಲಿ ಗಾಂಧಾರದ ಪಾತ್ರ ವಹಿಸುವುದರಿಂದ ಅದನ್ನೂ ಸುಮಾರು 16 ಸೆಂಟ್ ಇಳಿಸಬೇಕಾಗುತ್ತದೆ.

ತೊಡಕು ಶುರುವಾಗುವುದು ರಿಷಭದಲ್ಲಿ. ಪಂಚಮದೊಂದಿಗೆ ನುಡಿಸುವಾಗ ಹೊಂದಬೇಕಾದರೆ ಆ ತಂತಿ ಟ್ಯೂನರಿನ ಸ್ಥಾನಕ್ಕಿಂತ 4 ಸೆಂಟ್ ಮೇಲಿರಬೇಕು. ಇಳಿಸಿದ ಧೈವತದೊಂದಿಗೆ ಹೊಂದಬೇಕಾದರೆ ಅದೇ ತಂತಿ ಸುಮಾರು 18 ಸೆಂಟ್ ಕೆಳಗಿರಬೇಕು. ಎರಡರ ನಡುವಿನ 22 ಸೆಂಟ್ ಅಂತರ ನಮಗೆ ಹೊಸದಲ್ಲ, ಸಂಗೀತಶಾಸ್ತ್ರ ಓದಿದವರು ಅದನ್ನು ಪ್ರಮಾಣಶ್ರುತಿ ಎಂದು ಬಲ್ಲರು. ಒಂದೇ ತಂತಿ ಎರಡು ಕಡೆ ಇರಲಾರದು. ಕೆಲವರು ನಡುವೆ ಎಲ್ಲೋ ಒಂದು ಕಡೆ ಅದನ್ನು ನಿಲ್ಲಿಸಿ, ಉಳಿದದ್ದನ್ನು ಬಾರಿನ ಕೂದಲೆಳೆಯ ಸರಿದಾಟಕ್ಕೂ ಕಿವಿಗೂ ಬಿಡುತ್ತಾರೆ; ಇನ್ನು ಕೆಲವರು ಎ ಪೆಡಲ್ ಒತ್ತಿದಾಗ ರಿಷಭದ ತಂತಿಯೂ ಚೂರು ಸಡಿಲವಾಗುವಂತೆ ಇನ್ನೊಂದು ಸರಳನ್ನೇ ಹಾಕಿಸಿಕೊಳ್ಳುತ್ತಾರೆ.