ದಂಡ ಹಾಕುವ ಮೊದಲು ಒಂಬತ್ತನೆಯ ಕಲಂ ಓದಿ

ದಸರಾ ರಜೆ ಮುಗಿಯುವ ಹೊತ್ತಿಗೆ ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬೆಳಗಾವಿ, ಸಾಂಗಲಿ, ಕೊಲ್ಲಾಪುರದ ಕಡೆಗೆ ಗುಳೆ ಹೊರಡುತ್ತವೆ. ಮಕ್ಕಳ ಹಕ್ಕಿನ ಪ್ರಕರಣಗಳನ್ನು ನಡೆಸುವ ವಕೀಲನಾದ ನನ್ನ ಬಳಿಗೆ ಇದೇ ಕಾಲದಲ್ಲಿ ಎರಡು ಪ್ರಶ್ನೆಗಳು ಬರುತ್ತವೆ. ಮಗುವನ್ನು ಶಾಲೆ ಬಿಡಿಸಿ ಕರೆದೊಯ್ಯುವ ಪಾಲಕರಿಗೆ ದಂಡ ಹಾಕಬಹುದೇ, ರೇಷನ್ ನಿಲ್ಲಿಸಬಹುದೇ ಎಂದು ಪಂಚಾಯಿತಿ ಸದಸ್ಯರು ಕೇಳುತ್ತಾರೆ. ಅರ್ಧ ವರ್ಷ ಮಕ್ಕಳೇ ಇರದ ಶಾಲೆಗೆ ನಮ್ಮ ತೆರಿಗೆ ಹಣವನ್ನು ಏಕೆ ಸುರಿಯಬೇಕು ಎಂದು ಊರಿನ ವ್ಯಾಪಾರಸ್ಥರು ಕೇಳುತ್ತಾರೆ. ಎರಡೂ ಪ್ರಶ್ನೆಗಳು ಬೇರೆ ಬೇರೆ ಎನಿಸಿದರೂ ಎರಡರಲ್ಲಿಯೂ ಹಾಜರಿಯ ಹೊಣೆಯನ್ನು ಪಾಲಕರ ತಲೆಗೇ ಕಟ್ಟಲಾಗಿದೆ.

ಕಾನೂನು ಹಾಗೆ ಹೇಳುವುದಿಲ್ಲ. 2002ರ 86ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 21-ಎ ವಿಧಿ ಸೇರಿತು. ಅದನ್ನು ಜಾರಿಗೆ ತಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಅನ್ವಯವಾಯಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿನ ದಾಖಲಾತಿ, ಹಾಜರಿ ಮತ್ತು ಎಂಟನೆಯ ತರಗತಿಯವರೆಗಿನ ಕಲಿಕೆಯ ಪೂರ್ಣತೆಯನ್ನು ನೋಡಿಕೊಳ್ಳುವ ಕಡ್ಡಾಯವನ್ನು ಕಾಯ್ದೆಯ 8ನೆಯ ಕಲಂ ಸರ್ಕಾರದ ಮೇಲೆ ಹೊರಿಸಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು 10ನೆಯ ಕಲಂ ಹೇಳುತ್ತದೆಯಾದರೂ ಅದರಲ್ಲಿ ದಂಡದ ಮಾತಿಲ್ಲ. ರೇಷನ್ ನಿಲ್ಲಿಸುವ ಅಧಿಕಾರವಂತೂ ಪಂಚಾಯಿತಿಗೆ ಇಲ್ಲವೇ ಇಲ್ಲ.

ದಂಡದ ಪ್ರಯೋಗ ನಮ್ಮ ಸೀಮೆಗೆ ಹೊಸದಲ್ಲ. ಶಾಹು ಮಹಾರಾಜರು ಕೊಲ್ಲಾಪುರ ಸಂಸ್ಥಾನದಲ್ಲಿ 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದಾಗ ಮಗುವನ್ನು ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡವಿತ್ತು. ಇಂದಿನ ರಾಯಬಾಗ ಆಗ ಅದೇ ಸಂಸ್ಥಾನದಲ್ಲಿತ್ತು. ಆದರೆ ಶಾಹುಗಳು ದಂಡದ ಜೊತೆಗೆ ಶಾಲೆಗಳನ್ನೂ ತೆರೆದರು ಎಂಬುದನ್ನು ನಮ್ಮ ಸದಸ್ಯರು ಮರೆಯುತ್ತಾರೆ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣ ಮಸೂದೆಯಲ್ಲಿಯೂ ಕಡ್ಡಾಯದ ಬೆನ್ನಿಗೇ ಖರ್ಚಿನ ಲೆಕ್ಕವಿತ್ತು: ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದು. ಆ ಮಸೂದೆ ಮರುವರ್ಷವೇ ಬಿದ್ದುಹೋಯಿತು.

ಇನ್ನು ಹಾಜರಿ ಪುಸ್ತಕವನ್ನು ನೋಡೋಣ. ತಾಂಡಾದ ಶಾಲೆಯೊಂದರ ನವೆಂಬರ್ ಪುಟದಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ಸಾಲು ಮೊದಲ ದಿನದಿಂದ ಕೊನೆಯ ದಿನದವರೆಗೆ ಗೈರಿನ ಗುರುತೇ ಆಗಿರುತ್ತದೆ. ಅವಳು ಕಬ್ಬು ಕಡಿಯುವುದಿಲ್ಲ. ತಾಯಿ ಕಬ್ಬು ಕಡಿಯುವಾಗ ಗುಡಿಸಲಿನ ಮುಂದೆ ತಮ್ಮನನ್ನು ಆಡಿಸುತ್ತಾಳೆ. ಗಂಡ-ಹೆಂಡತಿ ಜೋಡಿಯಾಗಿ ದುಡಿಯುವ ಕರಾರಿನ ಮೇಲೆಯೇ ಗ್ಯಾಂಗು ಕಟ್ಟುವ ಮುಕಾದಮ ಮುಂಗಡ ಕೊಟ್ಟಿರುವುದರಿಂದ ತಾಯಿಗೆ ಮನೆಯಲ್ಲಿ ಉಳಿಯುವ ದಾರಿ ಇರುವುದಿಲ್ಲ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಪಂಚಾಯಿತಿಯ ‘ಕೂಸಿನ ಮನೆ’ ಊರಲ್ಲಿಯೇ ಇರುತ್ತದೆ, ಕಬ್ಬಿನ ಗದ್ದೆಗೆ ಬರುವುದಿಲ್ಲ. ಹೀಗಿರುವಾಗ ದಂಡ ಹಾಕಿದರೆ ಅದು ಮುಂದಿನ ವರ್ಷದ ಮುಂಗಡಕ್ಕೆ ಸೇರಿಕೊಳ್ಳುತ್ತದೆ, ಅಷ್ಟೇ.

ಮುಖ್ಯಗುರುಗಳ ಇಕ್ಕಟ್ಟು ಬೇರೆಯದೇ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದ ನಂತರ, ಕಾರಣ ತಿಳಿಸದೆ ಸತತ ಏಳು ದಿನ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಪರಿಗಣಿಸುವ ನಿಯಮ ಬಂದಿದೆ. ಹೆಸರು ಹೊಡೆಯಲು ಕಾಯ್ದೆ ಬಿಡುವುದಿಲ್ಲ. ಮಕ್ಕಳ ಸಂಖ್ಯೆ ಕುಸಿದರೆ ಶಿಕ್ಷಕರ ಹುದ್ದೆಗೇ ಕುತ್ತು. ಇದ್ದದ್ದನ್ನು ಇದ್ದಂತೆ ಬರೆದ ಶಾಲೆ ಶಿಕ್ಷಕರನ್ನು ಕಳೆದುಕೊಳ್ಳುವಂತಹ ವ್ಯವಸ್ಥೆಯಲ್ಲಿ ಹಾಜರಿ ಪುಸ್ತಕವನ್ನು ಎಷ್ಟು ನಂಬಬೇಕೆಂಬುದನ್ನು ಓದುಗರೇ ಊಹಿಸಬಹುದು.

ತೆರಿಗೆಯ ಪ್ರಶ್ನೆಗೆ ಉತ್ತರ ಚಿಕ್ಕದು. 2004ರಲ್ಲಿ ಶೇ 2ರಷ್ಟಿದ್ದ ಶಿಕ್ಷಣ ಸೆಸ್ 2018ರಿಂದ ಆರೋಗ್ಯವನ್ನೂ ಸೇರಿಸಿಕೊಂಡು ಶೇ 4 ಆಗಿದೆ. ಆದರೆ ಸೆಸ್ ಹಣ ರಾಜ್ಯಗಳೊಡನೆ ಹಂಚಿಕೆಯಾಗುವ ತೆರಿಗೆ ಪಾಲಿಗೆ ಸೇರುವುದಿಲ್ಲ. ಸಮಗ್ರ ಶಿಕ್ಷಣದಂತಹ ಯೋಜನೆಗಳ ಮೂಲಕ ಕೇಂದ್ರದಿಂದ 60:40ರ ಅನುಪಾತದಲ್ಲಿ ಅನುದಾನ ಬರುತ್ತದೆ. ಶಿಕ್ಷಕರ ಸಂಬಳದ ದೊಡ್ಡ ಭಾಗವನ್ನು ಹೊರುವುದು ರಾಜ್ಯದ ಬೊಕ್ಕಸ; ಅದನ್ನು ತುಂಬುವುದು ಜಿಎಸ್‌ಟಿ, ಡೀಸೆಲ್ ಮೇಲಿನ ಮಾರಾಟ ತೆರಿಗೆ, ಮುದ್ರಾಂಕ ಶುಲ್ಕ ಮತ್ತು ಅಬಕಾರಿ. ಮೊಬೈಲ್ ರೀಚಾರ್ಜ್ ಮಾಡಿಸುವ ಕಬ್ಬಿನ ಗ್ಯಾಂಗಿನವನೂ ಅದರ ಮೇಲೆ ಶೇ 18 ಜಿಎಸ್‌ಟಿ ಕಟ್ಟುತ್ತಾನೆ. ಆದ್ದರಿಂದ ‘ನಮ್ಮ ತೆರಿಗೆ’ ಎನ್ನುವಾಗ ಅವನನ್ನು ಹೊರಗಿಡುವಂತಿಲ್ಲ. ಹಣ ಕಟ್ಟಡಕ್ಕೆ ಅಂಟಿಕೊಂಡು ಮಗುವಿನ ಹಿಂದೆ ಹೋಗುತ್ತಿಲ್ಲ ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ.

ಮಗುವಿನ ಹಿಂದೆ ಹಣ ಹೋಗುವ ದಾರಿಗಳು ಕಾಗದದ ಮೇಲೆ ಈಗಾಗಲೇ ಇವೆ. ಪಾಲಕರು ದುಡಿಯಲು ಹೋದಾಗ ಮಕ್ಕಳು ಊರಲ್ಲಿಯೇ ಉಳಿಯುವ ಋತುಮಾನದ ವಸತಿ ಕೇಂದ್ರ ಒಂದು, ಕಾರ್ಖಾನೆಯ ಬಳಿಯ ಟೆಂಟ್ ಶಾಲೆ ಇನ್ನೊಂದು. ನನ್ನ ಒಲವು ಮೊದಲನೆಯದರ ಕಡೆಗೆ, ಏಕೆಂದರೆ ಗಡಿ ದಾಟಿದರೆ ಭಾಷೆಯ ತೊಡಕು ಬರುತ್ತದೆ: ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳು ಸಿಗುತ್ತವೆ, ಕೊಲ್ಲಾಪುರದ ಕಬ್ಬಿನ ಸೀಮೆಯಲ್ಲಿ ಮರಾಠಿ ಶಾಲೆಗೇ ಸೇರಬೇಕಾಗುತ್ತದೆ. ಅಲ್ಲಿಗೆ ಹೋದವರಿಗೂ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದೆಂದು 5ನೆಯ ಕಲಂ ಹೇಳುತ್ತದೆ. ಆದರೆ ವಸತಿ ಕೇಂದ್ರದ ಮಂಜೂರಾತಿ ಗ್ಯಾಂಗು ಹೊರಟ ಮೇಲೆ ಬಂದರೆ ಪ್ರಯೋಜನವಿಲ್ಲ.

ಹೀಗಾಗಿ ದಂಡದ ಬಗ್ಗೆ ಕೇಳುವ ಸದಸ್ಯರಿಗೆ ನಾನು 9ನೆಯ ಕಲಂ ತೋರಿಸುತ್ತೇನೆ. ತನ್ನ ವ್ಯಾಪ್ತಿಯ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದು ಮತ್ತು ವಲಸೆ ಕುಟುಂಬದ ಮಕ್ಕಳ ಪ್ರವೇಶವನ್ನು ಖಾತ್ರಿಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಅಲ್ಲಿದೆ. ಪಂಚಾಯಿತಿಯೂ ಸ್ಥಳೀಯ ಪ್ರಾಧಿಕಾರವೇ. ಯಾವ ಮನೆಯವರು ಯಾವ ಮುಕಾದಮನ ಕೈಕೆಳಗೆ ಯಾವ ಕಾರ್ಖಾನೆಗೆ ಹೋಗುತ್ತಾರೆ, ಮಕ್ಕಳನ್ನು ಬಿಟ್ಟುಹೋಗಲು ಅಜ್ಜಿ ಮನೆಯಲ್ಲಿದ್ದಾಳೆಯೇ ಎಂಬ ಪಟ್ಟಿ ಆಗಸ್ಟ್ ತಿಂಗಳಲ್ಲಿಯೇ ಸಿದ್ಧವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ ತಲುಪಿದರೆ, ವಸತಿ ಕೇಂದ್ರಕ್ಕೆ ಅಡುಗೆಯವರನ್ನು ಗೊತ್ತುಮಾಡಲು ಎರಡು ತಿಂಗಳಾದರೂ ಸಿಗುತ್ತದೆ.