ಆಟದ ಅವಧಿಯನ್ನು ಗಣಿತಕ್ಕೆ ಕೊಟ್ಟರೆ ಅಂಕ ಹೆಚ್ಚುತ್ತದೆಯೇ?

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳು ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಿಂದುಳಿದಾಗಲೆಲ್ಲ ಪರಿಹಾರವಾಗಿ ಮೊದಲು ಕೇಳಿಬರುವುದು ವಿಶೇಷ ತರಗತಿ ಮತ್ತು ಸರಣಿ ಪರೀಕ್ಷೆಗಳ ಮಾತು. ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಅವಧಿಗಳು ಗಣಿತ, ವಿಜ್ಞಾನ, ಇಂಗ್ಲಿಷ್‌ಗಳ ಪಾಲಾಗುತ್ತವೆ. ಮೈದಾನದಲ್ಲಿ ಕಳೆದ ಹೊತ್ತು ಓದಿಗೆ ನಷ್ಟ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆಯನ್ನು ಒರೆಗೆ ಹಚ್ಚುವ ಕೆಲಸ ಆರಂಭವಾಗಿ ಏಳು ದಶಕಗಳಾದವು.

1950ರ ದಶಕದ ಆರಂಭದಲ್ಲಿ ಪ್ಯಾರಿಸ್ ಬಳಿಯ ವಾನ್ವ್ ಪಟ್ಟಣದಲ್ಲಿ ಶಾಲೆಯ ಮಧ್ಯಾಹ್ನದ ಹೊತ್ತನ್ನು ಆಟ, ವ್ಯಾಯಾಮಗಳಿಗೆ ಬಿಟ್ಟುಕೊಟ್ಟು ನೋಡಲಾಯಿತು. ಇನ್ನೂ ಕಟ್ಟುನಿಟ್ಟಾದ ಪ್ರಯೋಗ ಕೆನಡಾದ ಟ್ರುವಾ-ರಿವಿಯೇರ್‌ನಲ್ಲಿ 1970ರಿಂದ 1977ರವರೆಗೆ ನಡೆಯಿತು. ಅಲ್ಲಿ 546 ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಒಂದು ಗುಂಪಿಗೆ ವಾರಕ್ಕೆ ಐದು ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ ನೀಡಲಾಯಿತು. ಇದರಿಂದ ಆ ಮಕ್ಕಳ ಪಾಠದ ಸಮಯ ಶೇ 13ರಿಂದ 14ರಷ್ಟು ಕಡಿಮೆಯಾದರೂ ಅವರು ಓದಿನಲ್ಲಿ ಹಿಂದೆ ಬೀಳಲಿಲ್ಲ. ಎರಡನೆಯ ತರಗತಿಯಿಂದಾಚೆಗೆ ಅವರ ಒಟ್ಟಾರೆ ಅಂಕಗಳು ಉಳಿದವರಿಗಿಂತ ಉತ್ತಮವಾಗಿದ್ದವು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತ್ಯಂತ ತೂಕದ ಸಾಕ್ಷ್ಯ ಇದೇ.

ಆನಂತರದ ಸಂಶೋಧನೆ ಕಾರಣಗಳತ್ತ ಹೊರಳಿತು. 2007ರಲ್ಲಿ ಅಮೆರಿಕದ ಇಲಿನಾಯ್‌ನ 259 ಮಕ್ಕಳ ಅಧ್ಯಯನವು ಉಸಿರಾಟ ಹಾಗೂ ಹೃದಯದ ಕ್ಷಮತೆ ಚೆನ್ನಾಗಿರುವ ಮಕ್ಕಳು ಗಣಿತ ಮತ್ತು ಓದುವಿಕೆಯಲ್ಲಿ ಮುಂದಿರುವುದನ್ನು ತೋರಿಸಿತು. ಇಷ್ಟರಿಂದಲೇ ಓಟ ಅಂಕ ತರುತ್ತದೆ ಎನ್ನಲಾಗದು, ಏಕೆಂದರೆ ಅನುಕೂಲಸ್ಥರ ಮನೆಯ ಮಗುವಿಗೆ ಒಳ್ಳೆಯ ಊಟ, ಆಟದ ಅವಕಾಶ, ಮನೆಪಾಠ ಮೂರೂ ಒಟ್ಟಿಗೆ ದಕ್ಕುತ್ತವೆ. ಆದ್ದರಿಂದಲೇ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 221 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಒಂಬತ್ತು ತಿಂಗಳು ಶಾಲೆ ಬಿಟ್ಟ ಮೇಲೆ ಆಡಿಸಲಾಯಿತು. ಗಮನವನ್ನು ಹಿಡಿದಿಡುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸನ್ನು ಹೊರಳಿಸುವ ಸಾಮರ್ಥ್ಯ ಆ ಗುಂಪಿನಲ್ಲಿ ಹೆಚ್ಚು ಸುಧಾರಿಸಿತ್ತು.

ನಮ್ಮ ಭಾಗದಲ್ಲಿ ಈ ಮಾತು ಮೈದಾನಕ್ಕಿಂತ ಮೊದಲು ತಟ್ಟೆಯಿಂದ ಶುರುವಾಗಬೇಕು. ರಕ್ತಹೀನತೆಯಿರುವ ಮಗುವಿನ ರಕ್ತ ಸ್ನಾಯುಗಳಿಗೂ ಮಿದುಳಿಗೂ ಸಾಕಷ್ಟು ಆಮ್ಲಜನಕ ಒಯ್ಯಲಾರದು. ಅಂಥ ಮಗು ಓಡಲು ನಿಂತರೂ ಓದಲು ಕೂತರೂ ಬೇಗ ದಣಿಯುತ್ತದೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಈಶಾನ್ಯ ಜಿಲ್ಲೆಗಳಲ್ಲೇ ಮೊದಲು ಆರಂಭವಾದದ್ದಕ್ಕೂ, 2021ರ ಡಿಸೆಂಬರ್‌ನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಏಳು ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ತೊಡಗಿದ್ದಕ್ಕೂ ಈ ಭಾಗದ ಅಪೌಷ್ಟಿಕತೆಯೇ ಹಿನ್ನೆಲೆ. ಮೊಟ್ಟೆಯ ಕುರಿತು ಆಗ ಎದ್ದ ವಿವಾದದಲ್ಲಿ ಮಕ್ಕಳ ಕಲಿಕೆಯ ಪ್ರಶ್ನೆಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಎಂಬ ನೋವು ನನಗಿದೆ.

ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿ 2018ರಿಂದ ನಡೆಯುತ್ತಿರುವ ಉನ್ನತ ಕ್ರೀಡಾ ತರಬೇತಿ ಸಂಸ್ಥೆ ಜಿಲ್ಲೆಗೆ ಹೆಮ್ಮೆಯೇ ಸರಿ. ಆದರೆ ಪದಕ ಗೆಲ್ಲಬಲ್ಲವರನ್ನು ಆರಿಸಿ ಬೆಳೆಸುವುದು ಬೇರೆ, ತರಗತಿಯ ಪ್ರತಿಯೊಂದು ಮಗುವನ್ನೂ ಗಟ್ಟಿಗೊಳಿಸುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನು ಹೇಳುವುದು ಎಲ್ಲರಿಗಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ, ಆಟದ ಸಾಮಗ್ರಿ ಇರಲೇಬೇಕೆಂದು ವಿಧಿಸಿದರೂ ಅದರ ವ್ಯಾಪ್ತಿ ಎಂಟನೆಯ ತರಗತಿಗೆ ಮುಗಿಯುತ್ತದೆ. ಹೆಣ್ಣುಮಕ್ಕಳು ಮೈದಾನದಿಂದ ಹಿಂದೆ ಸರಿಯುವುದೂ, ಪರೀಕ್ಷೆಯ ನೆಪದಲ್ಲಿ ಆಟದ ಅವಧಿ ಕೈತಪ್ಪುವುದೂ ಅಲ್ಲಿಂದ ಮುಂದಿನ ಎರಡು ವರ್ಷಗಳಲ್ಲೇ ಹೆಚ್ಚು.