ಸಿದ್ಧ ಮ್ಯಾಪಾ, ರ‍್ಯಾಂಡಮ್ ಮ್ಯಾಪಾ? ಆಟ ಮುಗಿದ ಮೇಲೆ ಏನು ಉಳಿಯಬೇಕು ಅಂತ ಮೊದಲು ಕೇಳಿಕೊಳ್ಳಿ

ಸರ್ವೈವಲ್ ಗೇಮ್‌ಗಳಿಗೆ, ಅಂದರೆ ಅಪಾಯದ ಲೋಕದಲ್ಲಿ ಬದುಕುಳಿಯಬೇಕಾದ ಆಟಗಳಿಗೆ, ಸರ್ವರ್ (ಗುಂಪಿನವರೆಲ್ಲ ಸೇರಿ ಆಡುವ ಕಂಪ್ಯೂಟರ್) ಹಾಕಿಕೊಟ್ಟು ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಗುಂಪು ಬಂದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ. ಡೆವಲಪರ್‌ಗಳು ಕೈಯಾರೆ ಮಾಡಿಟ್ಟ ಸಿದ್ಧ ಮ್ಯಾಪ್, ಅಂದರೆ ಆಟ ನಡೆಯುವ ಲೋಕ, ಹಾಕೋಣವಾ, ಇಲ್ಲ ಕಂಪ್ಯೂಟರ್ ಹೊಸದಾಗಿ ಹುಟ್ಟಿಸುವ ರ‍್ಯಾಂಡಮ್ ಮ್ಯಾಪ್ ಹಾಕೋಣವಾ? ಇದನ್ನು ಯೋಚಿಸಿಯೇ ತೀರ್ಮಾನ ಮಾಡಬೇಕು. ಶತ್ರುಗಳ ಬಲ, ಹಗಲಿನ ಉದ್ದ, ಸಾಮಾನು ಸಿಗುವ ಪ್ರಮಾಣ, ಇವನ್ನೆಲ್ಲ ಆಟದ ನಡುವೆ ತಿದ್ದಬಹುದು. ಮ್ಯಾಪ್ ಹಾಗಲ್ಲ. ಅದನ್ನು ಬದಲಿಸಿದರೆ ವಾರಗಟ್ಟಲೆ ಕಟ್ಟಿದ ಬೇಸ್ (ಆಟಗಾರರ ನೆಲೆ), ತೋಡಿದ ಗಣಿ, ಹಾಕಿದ ಬೇಲಿ ಎಲ್ಲವೂ ಹೋಗುತ್ತದೆ.

ಒಂದು ಗುಂಪಿನ ಕಥೆ ಹೇಳುತ್ತೇನೆ. ಎಂಟು ಜನ, ಆಟ 7 ಡೇಸ್ ಟು ಡೈ, ಜೊಂಬಿಗಳ (ನಡೆದಾಡುವ ಹೆಣಗಳ) ನಡುವೆ ಬದುಕುಳಿಯುವ ಆಟ. ಅದರಲ್ಲಿ ನವೆಜ್ಗೇನ್ ಎಂಬ ಸಿದ್ಧ ಮ್ಯಾಪ್ ಇದೆ. ಅಮೆರಿಕದ ಅರಿಜೋನಾದಲ್ಲಿದೆ ಅಂತ ಕಲ್ಪಿಸಿಕೊಂಡ ಜಾಗ. ಎಂಟರಲ್ಲಿ ಒಬ್ಬರು ವರ್ಷಗಳಿಂದ ಅದನ್ನೇ ಆಡಿದವರು. ಕಣ್ಣು ಕಟ್ಟಿ ಬಿಟ್ಟರೂ ದಾರಿ ಹಿಡಿಯುವಷ್ಟು ಪರಿಚಯ ಅವರಿಗೆ. ಇಬ್ಬರು ಪೂರ್ತಿ ಹೊಸಬರು. ಮೊದಲ ದಿನವೇ ಆ ಹಳಬರು "ಬನ್ನಿ ಬನ್ನಿ, ನಾನು ತೋರಿಸ್ತೀನಿ" ಅಂತ ಎಲ್ಲರನ್ನೂ ಕರೆದುಕೊಂಡು ಹೊರಟರು. ಈ ಮನೆ ಬೇಡ, ಪಕ್ಕದ್ದಕ್ಕೆ ನುಗ್ಗಿ. ಮಹಡಿ ಮೇಲೆ ಪೆಟ್ಟಿಗೆ ಇದೆ. ಬಾಗಿಲ ಹಿಂದೆ ಜೊಂಬಿ ನಿಂತಿದೆ, ಮೊದಲು ಹೊಡೆಯಿರಿ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಅವರಿಗೆ ಇದ್ದದ್ದು ಸಹಾಯ ಮಾಡುವ ಉತ್ಸಾಹ ಅಷ್ಟೇ. ಎರಡನೇ ವಾರಕ್ಕೆ ಹೊಸಬರಿಬ್ಬರೂ ಬರುವುದನ್ನು ನಿಲ್ಲಿಸಿದರು. ಯಾಕೆ ಅಂತ ಕೇಳಿದಾಗ ಅವರಲ್ಲೊಬ್ಬರು ಹೇಳಿದ್ದು ಇಷ್ಟೇ: "ನಾನು ಆಡ್ತಾ ಇರಲಿಲ್ಲ ಸರ್, ಬರೀ ಹಿಂದೆ ಓಡ್ತಾ ಇದ್ದೆ."

ಆ ಮಾತು ಕೇಳಿದ ಮೇಲೆ ನಾನು ಮ್ಯಾಪ್ ಆರಿಸುವ ರೀತಿಯೇ ಬದಲಾಯಿತು. ಸರ್ವೈವಲ್ ಗೇಮ್‌ನಲ್ಲಿ ಊಟ, ಗುಂಡು, ಕಬ್ಬಿಣ ಎಲ್ಲಕ್ಕಿಂತ ಹೆಚ್ಚು ಬೆಲೆ ಇರುವುದು ಜಾಗದ ತಿಳಿವಳಿಕೆಗೆ. ನೀರು ಎಲ್ಲಿ, ಕತ್ತಲಾದರೆ ಎಲ್ಲಿ ಅಡಗಬೇಕು, ಯಾವ ಕಡೆ ಕಾಲಿಡಬಾರದು ಅನ್ನುವುದು ಗೊತ್ತಿದ್ದರೆ ಅರ್ಧ ಆಟ ಗೆದ್ದ ಹಾಗೆ. ಪಾತ್ರ ಸತ್ತರೆ ಹೆಗಲ ಮೇಲಿನ ಚೀಲ ಕೈಬಿಟ್ಟು ಹೋಗುತ್ತದೆ. ತಲೆಯಲ್ಲಿರುವ ದಾರಿ ಹೋಗುವುದಿಲ್ಲ. ಸಿದ್ಧ ಮ್ಯಾಪ್‌ನಲ್ಲಿ ಅದು ಮುಂದಿನ ಆಟಕ್ಕೂ ಜೊತೆಗೆ ಬರುತ್ತದೆ. ರ‍್ಯಾಂಡಮ್ ಮ್ಯಾಪ್‌ನಲ್ಲಿ ಬರುವುದಿಲ್ಲ, ಅಲ್ಲಿ ಬರುವುದು ನಿಮ್ಮ ಕೈಚಳಕ, ನಿಮ್ಮ ಜಾಗ್ರತೆ ಮಾತ್ರ. ಹಾಗಾಗಿ ಈಗ ನಾನು ಗುಂಪಿನವರಿಗೆ ಕೇಳುವ ಪ್ರಶ್ನೆ ಬೇರೆ. ಈ ಆಟ ಮುಗಿದ ಮೇಲೆ ನಿಮ್ಮ ಹತ್ತಿರ ಏನು ಉಳಿಯಬೇಕು?

ಒಂದು ಊರು ಮನಸ್ಸಿನಲ್ಲಿ ಉಳಿಯಬೇಕು ಅನ್ನುವವರಿಗೆ ಸಿದ್ಧ ಮ್ಯಾಪ್. ಒಬ್ಬ ಮನುಷ್ಯ ಕೂತು, ಯೋಚಿಸಿ ಇಟ್ಟ ಜಾಗಕ್ಕೆ ಒಂದು ಅರ್ಥ ಇರುತ್ತದೆ. 2018ರಲ್ಲಿ ಪೂರ್ಣವಾಗಿ ಬಿಡುಗಡೆಯಾದ ಸಬ್‌ನಾಟಿಕಾ ಎಂಬ ಸಮುದ್ರದಾಳದ ಆಟ ನೋಡಿ. ಅದರ ಸಮುದ್ರ ಎಲ್ಲರಿಗೂ ಒಂದೇ. ನೀವು ಪಾರಾಗಿ ಬರುವ ಪುಟ್ಟ ನೌಕೆ, ಅಂದರೆ ಪಾಡ್, ಬೀಳುವ ಜಾಗ ಸ್ವಲ್ಪ ಆಚೀಚೆ ಆಗಬಹುದು, ಆದರೆ ಯಾವಾಗಲೂ ಆಳವಿಲ್ಲದ ನೀರಿನಲ್ಲೇ ಬೀಳುತ್ತದೆ. ತಲೆ ಎತ್ತಿದರೆ ದೂರದಲ್ಲಿ ಅರೋರಾ ಎಂಬ ಬಾಹ್ಯಾಕಾಶ ಹಡಗಿನ ಅವಶೇಷ ಕಾಣುತ್ತದೆ. ಕೈಯಲ್ಲಿ ಕಂಪಾಸ್ ಇಲ್ಲದಾಗ ಅದೇ ನಿಮಗೆ ದಿಕ್ಕು. ಆಮೇಲೆ ಒಂದೊಂದು ಸಲಕರಣೆ ಸಿಕ್ಕ ಹಾಗೆ ಒಂದೊಂದು ಮಟ್ಟ ಕೆಳಗೆ ಇಳಿಯುತ್ತೀರಿ, ಬೆಳಕು ಕಡಿಮೆಯಾಗುತ್ತಾ ಹೋಗುತ್ತದೆ. ಭಯ ಎಲ್ಲಿ ಹುಟ್ಟಬೇಕು, ಎಲ್ಲಿ ಸ್ವಲ್ಪ ಉಸಿರಾಡಲು ಬಿಡಬೇಕು ಅಂತ ಯಾರೋ ಲೆಕ್ಕ ಹಾಕಿದ್ದಾರೆ. ಆ ಲೆಕ್ಕವನ್ನು ರ‍್ಯಾಂಡಮ್ ಮ್ಯಾಪ್‌ನಿಂದ ಪಡೆಯುವುದು ಬಹಳ ಕಷ್ಟ. ಕಥೆ ಇರುವ ಆಟವನ್ನು ಮೊದಲ ಸಲ ಒಬ್ಬರೇ ಆಡುವವರಿಗೆ ನಾನು ಕಣ್ಣು ಮುಚ್ಚಿ ಸಿದ್ಧ ಮ್ಯಾಪ್ ಹೇಳುತ್ತೇನೆ. ಸಿಕ್ಕಿಹಾಕಿಕೊಂಡಾಗ ಕೇಳಲು ಜನರೂ ಇರುತ್ತಾರೆ. "ಆ ಸೇತುವೆ ದಾಟಿ ಎಡಕ್ಕೆ ಹೋಗಿ" ಅಂತ ಯಾರಾದರೂ ಹೇಳಿದರೆ, ನಿಮ್ಮ ಆಟದಲ್ಲೂ ಅದೇ ಸೇತುವೆ ಇರುತ್ತದೆ ಅಲ್ವಾ?

ಮೊದಲ ಸಲ ಮಾತ್ರ ಅದು ಮೊದಲ ಸಲ ಅನ್ನುವುದೇ ಅದರ ತೊಂದರೆ. ಗುಹೆಯ ಆಚೆ ಏನಿದೆ ಅಂತ ಗೊತ್ತಾದ ಮೇಲೆ ಅದನ್ನು ಗೊತ್ತಿಲ್ಲದ ಹಾಗೆ ಮಾಡಿಕೊಳ್ಳಲು ಆಗುವುದಿಲ್ಲ.

ಈಗ ರ‍್ಯಾಂಡಮ್ ಮ್ಯಾಪ್. ಇದರಲ್ಲಿ "ರ‍್ಯಾಂಡಮ್" ಅನ್ನುವ ಪದವೇ ಜನರ ದಾರಿ ತಪ್ಪಿಸುತ್ತದೆ. ಕಂಪ್ಯೂಟರ್ ಮನಸ್ಸಿಗೆ ಬಂದಂತೆ ಏನನ್ನೂ ಮಾಡುವುದಿಲ್ಲ. ನೀವು ಕೊಡುವ ಸೀಡ್, ಅಂದರೆ ಒಂದು ಪದ ಅಥವಾ ಸಂಖ್ಯೆ, ಎಲ್ಲದಕ್ಕೂ ಬೀಜ. ಅದರಿಂದ ಲೆಕ್ಕ ಶುರುವಾಗುತ್ತದೆ. ಅದೇ ಸೀಡ್, ಅದೇ ಸೈಜ್, ಆಟದ ಅದೇ ವರ್ಷನ್ ಇದ್ದರೆ ಅದೇ ಲೋಕ ಮತ್ತೆ ಹುಟ್ಟುತ್ತದೆ. ಬೆಟ್ಟ ಕಣಿವೆಗಳಿಗೆ ಹೆಚ್ಚಾಗಿ ಬಳಸುವುದು ನಾಯ್ಸ್ ಎಂಬ ಗಣಿತ. ಸುಮ್ನೆ ಒಂದೊಂದು ಜಾಗಕ್ಕೆ ಒಂದೊಂದು ಎತ್ತರ ಕೊಟ್ಟರೆ ನೆಲ ಮುಳ್ಳುಮುಳ್ಳಾಗುತ್ತದೆ. ಅಕ್ಕಪಕ್ಕದ ಎತ್ತರಗಳು ನಯವಾಗಿ ಬೆರೆಯಬೇಕು. 1985ರಲ್ಲಿ ಕೆನ್ ಪರ್ಲಿನ್ ಪ್ರಕಟಿಸಿದ ವಿಧಾನ ಇದನ್ನು ಸುಲಭ ಮಾಡಿತು, ಮೈನ್‌ಕ್ರಾಫ್ಟ್‌ನ ಬೆಟ್ಟಗಳ ಹಿಂದೆ ಇರುವುದೂ ಅದೇ ಕುಟುಂಬದ ಲೆಕ್ಕ. ಅದಕ್ಕೂ ಹಿಂದೆ, 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಮಾಡಿದ ಎಲೈಟ್ ಎಂಬ ಆಟದಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ನಕ್ಷತ್ರಗಳಿದ್ದವು. ಅಷ್ಟನ್ನೂ ಬರೆದಿಡಲು ಅಂದಿನ ಕಂಪ್ಯೂಟರ್‌ನಲ್ಲಿ ಮೆಮೊರಿ ಇರಲಿಲ್ಲ. ಹಾಗಾಗಿ ಸೀಡ್‌ನಿಂದ ಹುಟ್ಟಿಸಿದರು. ಆದರೆ ಆಡಿದ ಎಲ್ಲರಿಗೂ ಸಿಕ್ಕಿದ್ದು ಒಂದೇ ಆಕಾಶ. ಲೆಕ್ಕದಿಂದ ಹುಟ್ಟಿದ್ದು, ಆದರೂ ಸಿದ್ಧ ಮ್ಯಾಪ್! ಈ ಎರಡರ ನಡುವಿನ ಗೆರೆ ಮೊದಲಿನಿಂದಲೂ ತೆಳುವಾಗಿಯೇ ಇತ್ತು.

ಇನ್ನೊಂದು ವಿಷಯ. 7 ಡೇಸ್ ಟು ಡೈನ ರ‍್ಯಾಂಡಮ್ ಮ್ಯಾಪ್‌ನಲ್ಲೂ ಮನೆ, ಅಂಗಡಿ, ಕಾರ್ಖಾನೆಗಳು ಕೈಯಿಂದ ಮಾಡಿದವೇ. ರ‍್ಯಾಂಡಮ್ ಆಗುವುದು ಅವು ಎಲ್ಲಿ ನಿಲ್ಲುತ್ತವೆ, ರಸ್ತೆ ಎತ್ತ ಹೋಗುತ್ತದೆ ಅನ್ನುವುದು ಮಾತ್ರ. ಮೂರು ಮ್ಯಾಪ್ ಆಡಿದರೆ ಅದೇ ಪೆಟ್ರೋಲ್ ಬಂಕ್ ಮತ್ತೆ ಸಿಗುತ್ತದೆ, ಅದರ ಚಾವಣಿಯ ಮೇಲಿನ ಪೆಟ್ಟಿಗೆಯೂ ನಿಮಗೆ ನೆನಪಿರುತ್ತದೆ. ಹೊಸತನ ಇರುವುದು ಊರಿನಿಂದ ಊರಿಗೆ ಹೋಗುವ ದಾರಿಯಲ್ಲಿ. ಮನೆಯೊಳಗೆ ಹೊಸತನ ಬೇಕು ಅನ್ನುವವರು ಇದನ್ನು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ನಿರಾಸೆಯಾಗುತ್ತದೆ.

ಇದಕ್ಕೆ ತಿರುಗಾಮುರುಗ ದಿ ಲಾಂಗ್ ಡಾರ್ಕ್ ಎಂಬ ಹಿಮಪ್ರದೇಶದ ಆಟ. ಅಲ್ಲಿ ನೆಲ ಸ್ಥಿರ. ಅದರ ಮಿಸ್ಟರಿ ಲೇಕ್ ಪ್ರದೇಶ ಯಾವಾಗಲೂ ಮಿಸ್ಟರಿ ಲೇಕೇ. ಆದರೆ ಸಾಮಾನು ಎಲ್ಲಿ ಸಿಗುತ್ತದೆ ಅನ್ನುವುದು ಆಟದಿಂದ ಆಟಕ್ಕೆ ಬದಲಾಗುತ್ತದೆ. ಗುಡಿಸಲಿನ ದಾರಿ ಗೊತ್ತು, ಒಳಗೆ ಬೆಂಕಿಕಡ್ಡಿ ಇದೆಯೋ ಇಲ್ಲವೋ ಗೊತ್ತಿಲ್ಲ. ಹಿಮಗಾಳಿಯಲ್ಲಿ ಆ ಬಾಗಿಲು ತೆಗೆಯುವಾಗಿನ ತಳಮಳ ನನಗೆ ತುಂಬಾ ಇಷ್ಟ. ಪ್ರಾಜೆಕ್ಟ್ ಜಾಂಬಾಯ್ಡ್ ಆಟದ ನಾಕ್ಸ್ ಕಂಟ್ರಿಯೂ ಹೀಗೆಯೇ, ಊರು ಸ್ಥಿರ, ಸಾಮಾನು ಚಂಚಲ. ಹಳಬರು ಹೊಸಬರು ಇಬ್ಬರೂ ಇರುವ ಸಣ್ಣ ಗುಂಪು, ಅದೂ ಊರಿನ ನೆನಪು ಬೇಕು ಅನ್ನುವವರಾದರೆ ನಾನು ಈ ಮಧ್ಯದ ದಾರಿಯನ್ನೇ ಸೂಚಿಸುತ್ತೇನೆ.

ರ‍್ಯಾಂಡಮ್ ಮ್ಯಾಪ್‌ನ ನಿಜವಾದ ಬಲ ಸಮಾನತೆಯಲ್ಲಿದೆ. ರಸ್ಟ್ ಆಟದಲ್ಲಿ ಪ್ರತಿ ತಿಂಗಳ ಮೊದಲ ಗುರುವಾರ ಎಲ್ಲ ಸರ್ವರ್‌ಗಳೂ ವೈಪ್ ಆಗುತ್ತವೆ, ಅಂದರೆ ಕಟ್ಟಿದ್ದೆಲ್ಲ ಅಳಿಸಿ ಹೊಸದಾಗಿ ಶುರುವಾಗುತ್ತವೆ. ಹೊಸ ಸೀಡ್ ಹಾಕಿದ ಸರ್ವರ್‌ನಲ್ಲಿ ಐದು ವರ್ಷ ಆಡಿದವರೂ, ನಿನ್ನೆ ಖರೀದಿಸಿದವರೂ ಅವತ್ತು ಒಂದೇ ಗೊತ್ತಿಲ್ಲದ ದಡದಲ್ಲಿ ಕಣ್ಣು ತೆರೆಯುತ್ತಾರೆ. ಅನುಭವ ಇದ್ದವರು ಬೇಗ ಮುಂದೆ ಹೋಗುತ್ತಾರೆ, ನಿಜ. ಆದರೆ ದಾರಿ ಹುಡುಕುವ ಕೆಲಸ ಎಲ್ಲರಿಗೂ ಬರುತ್ತದೆ.

ಇದು ಉಳಿಯಬೇಕಾದರೆ ಸೀಡ್ ಗುಟ್ಟಾಗಿರಬೇಕು. ಮೈನ್‌ಕ್ರಾಫ್ಟ್, ವಾಲ್‌ಹೈಮ್ ಆಟಗಳ ಸೀಡ್ ಹಾಕಿದರೆ ಇಡೀ ಲೋಕವನ್ನು ಮೇಲಿನಿಂದ ತೋರಿಸುವ ಟೂಲ್‌ಗಳಿವೆ. ಗುಂಪಿನಲ್ಲಿ ಒಬ್ಬರು ನೋಡಿಬಿಟ್ಟರೂ ಸಾಕು, ಅವರೊಬ್ಬರಿಗೆ ಅದು ಸಿದ್ಧ ಮ್ಯಾಪ್ ಆಗಿಹೋಗುತ್ತದೆ. ನನ್ನ ಗುಂಪುಗಳಲ್ಲಿ ಸೀಡ್ ನನ್ನ ಹತ್ತಿರ ಮಾತ್ರ ಇರುತ್ತದೆ.

ಸೈಜ್ ವಿಷಯದಲ್ಲಿ ಜನ ಜಾಸ್ತಿ ಆಸೆ ಪಡುತ್ತಾರೆ. 7 ಡೇಸ್ ಟು ಡೈನಲ್ಲಿ ಒಂದು ಬದಿ 6144 ಮೀಟರ್ ಇರುವ ಮ್ಯಾಪ್‌ಗೂ 10240 ಮೀಟರ್ ಇರುವುದಕ್ಕೂ ಸ್ವಲ್ಪ ವ್ಯತ್ಯಾಸ ಅಂತ ಕಾಣುತ್ತದೆ. ವಿಸ್ತೀರ್ಣದಲ್ಲಿ ಲೆಕ್ಕ ಹಾಕಿ. ಮೊದಲನೆಯದು ಸುಮಾರು 38 ಚದರ ಕಿಲೋಮೀಟರ್, ಎರಡನೆಯದು ಸುಮಾರು 105. ಹತ್ತಿರ ಹತ್ತಿರ ಮೂರು ಪಟ್ಟು! ಹುಟ್ಟಿಸುವುದಕ್ಕೆ ಹೆಚ್ಚು ಹೊತ್ತು ಬೇಕು, ಹೆಚ್ಚು ರ‍್ಯಾಮ್ ಬೇಕು. ಮೊದಲ ಸಲ ಸರ್ವರ್‌ಗೆ ಸೇರುವವರು ಆ ಮ್ಯಾಪ್ ಇಳಿಸಿಕೊಳ್ಳುವ ತನಕ ಕಾಯಬೇಕು. ನಾಲ್ಕು ಜನರನ್ನು ಅಲ್ಲಿ ಬಿಟ್ಟರೆ ಒಬ್ಬರಿಗೊಬ್ಬರು ಸಿಗುವುದೇ ಕಷ್ಟ. ನನ್ನ ಅನುಭವದಲ್ಲಿ ನಾಲ್ಕೈದು ಜನರಿಗೆ ಸಣ್ಣದೇ ಸಾಕು.

ರ‍್ಯಾಂಡಮ್ ಮ್ಯಾಪ್ ಹುಟ್ಟಿದ ತಕ್ಷಣ ಜನರನ್ನು ಒಳಗೆ ಬಿಡಬೇಡಿ. ಅದರ ಒಂದು ಪ್ರತಿ ಮಾಡಿಕೊಂಡು, ಅಡ್ಮಿನ್ ಸವಲತ್ತು ಬಳಸಿ ಅರ್ಧ ಗಂಟೆ ಹಾರಾಡಿ ನೋಡಿ. ಒಂದು ಸಲ ನಾನು ಹೀಗೆ ನೋಡುವಾಗ ಒಂದು ಮನೆಯ ಮುಂಬಾಗಿಲು ನೇರ ಮಣ್ಣಿನ ಗೋಡೆಗೆ ತೆರೆಯುತ್ತಿತ್ತು. ಗುಡ್ಡದ ಅಂಚನ್ನು ಕಡಿದು ಆ ಮನೆಯನ್ನು ಕೂರಿಸಿತ್ತು ಲೆಕ್ಕ. ಅಂಥ ಒಂದು ಮನೆ ಇದ್ದರೆ ಪರವಾಗಿಲ್ಲ, ಅದೂ ಒಂದು ನೆನಪು. ಆದರೆ ಅದೇ ಮ್ಯಾಪ್‌ನಲ್ಲಿ ಊರಿನಿಂದ ಹೊರಟ ಮುಖ್ಯ ರಸ್ತೆ ಕಣಿವೆಯ ತುದಿಯಲ್ಲಿ ನಿಂತೇ ಹೋಗಿತ್ತು. ಆಚೆ ದಡದಲ್ಲಿ ಟ್ರೇಡರ್ ಅಂಗಡಿ ಕಾಣುತ್ತಿತ್ತು, ಹೋಗಲು ದಾರಿ ಇರಲಿಲ್ಲ. ಆ ಮ್ಯಾಪ್ ಅಳಿಸಿದೆ. ನಾನು ಮುಖ್ಯವಾಗಿ ನೋಡುವುದು ಮೊದಲ ದಿನದ ದಾರಿಯನ್ನೇ. ಆಟ ಶುರುವಾಗುವ ಜಾಗದಿಂದ ಮೊದಲ ಟ್ರೇಡರ್ ತನಕ ಕತ್ತಲಾಗುವ ಮೊದಲು ನಡೆದು ಹೋಗಲು ಆಗಬೇಕು. ಎಲ್ಲ ಬಯೋಮ್‌ಗಳೂ (ಕಾಡು, ಮರುಭೂಮಿ, ಹಿಮದಂಥ ಪ್ರದೇಶಗಳು) ಇವೆಯಾ ಅಂತ ಒಂದು ಕಣ್ಣು ಹಾಯಿಸುತ್ತೇನೆ. ಉಳಿದದ್ದನ್ನು ಆಡುವವರಿಗೇ ಬಿಡುತ್ತೇನೆ.

ಸೀಡ್ ಬರೆದಿಟ್ಟುಕೊಂಡರೆ ಮ್ಯಾಪ್ ಭದ್ರ ಅಂತ ನಂಬಿ ನಾನು ಒಂದು ಸಲ ಪೆಟ್ಟು ತಿಂದಿದ್ದೇನೆ. ಡಿಸ್ಕ್ ಕೆಟ್ಟಿತು. ಸೀಡ್ ಇತ್ತು, ವರ್ಲ್ಡ್ ಫೈಲ್‌ಗಳ ಬ್ಯಾಕಪ್ ಇರಲಿಲ್ಲ. ನಡುವೆ ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದಿತ್ತು. ಅದೇ ಸೀಡ್ ಹಾಕಿ ಹುಟ್ಟಿಸಿದರೆ, ಗುಂಪಿನವರ ಬೇಸ್ ಇದ್ದ ಜಾಗದಲ್ಲಿ ಕೆರೆ! ಅವರ ಮುಖಕ್ಕೆ ಏನು ಹೇಳಲಿ ಅಂತ ತೋಚಲಿಲ್ಲ. ಬೇಸ್ ಮೊದಲೇ ಹೋಗಿತ್ತು, ಈಗ ಅದು ನಿಂತಿದ್ದ ನೆಲವೂ ಇಲ್ಲ. ಅಂದಿನಿಂದ ಪ್ರತಿ ರಾತ್ರಿ ಫೈಲ್‌ಗಳ ಬ್ಯಾಕಪ್ ತಾನಾಗಿಯೇ ಬೇರೆ ಕಡೆಗೆ ಹೋಗುವಂತೆ ಮಾಡಿದ್ದೇನೆ. ಮೈನ್‌ಕ್ರಾಫ್ಟ್ ಆಡುವವರಿಗೆ ಇದು ಚೆನ್ನಾಗಿ ಗೊತ್ತು. 2021ರ ನವೆಂಬರ್‌ನಲ್ಲಿ ಬಂದ 1.18 ವರ್ಷನ್ ಲೋಕದ ಎತ್ತರವನ್ನು 256 ಬ್ಲಾಕ್‌ನಿಂದ 384ಕ್ಕೆ ಏರಿಸಿತು, ನೆಲ ಹುಟ್ಟುವ ಲೆಕ್ಕವನ್ನೂ ಬದಲಿಸಿತು. ವಾಲ್‌ಹೈಮ್‌ಗೆ 2022ರ ಡಿಸೆಂಬರ್‌ನಲ್ಲಿ ಮಿಸ್ಟ್‌ಲ್ಯಾಂಡ್ಸ್ ಎಂಬ ಪ್ರದೇಶದ ಅಪ್‌ಡೇಟ್ ಬಂದಾಗ, ಅದನ್ನು ನೋಡಲು ಹಳೆಯ ಲೋಕದವರು ಅದುವರೆಗೆ ಕಾಲಿಡದ ಕಡೆಗೇ ಹೋಗಬೇಕಾಯಿತು. ಹಾಗಾಗಿ ದೊಡ್ಡ ಅಪ್‌ಡೇಟ್ ಹತ್ತಿರದಲ್ಲಿದೆ ಅಂತ ಗೊತ್ತಿದ್ದರೆ ಹೊಸ ರ‍್ಯಾಂಡಮ್ ಮ್ಯಾಪ್ ಶುರು ಮಾಡುವುದನ್ನು ಸ್ವಲ್ಪ ಮುಂದೂಡಿ.

ಆ ಎಂಟು ಜನರ ಗುಂಪಿಗೆ ಮರಳುತ್ತೇನೆ. ಎಲ್ಲರನ್ನೂ ಕೇಳಿ, ಒಪ್ಪಿಸಿ, ಸಣ್ಣ ಸೈಜಿನ ರ‍್ಯಾಂಡಮ್ ಮ್ಯಾಪ್ ಹಾಕಿದೆ. ಹೊಸಬರಿಬ್ಬರೂ ವಾಪಸ್ ಬಂದರು. ಮೂರನೇ ದಿನ ಹಳಬರು ಸುಟ್ಟ ಕಾಡಿನಲ್ಲಿ ದಿಕ್ಕು ತಪ್ಪಿ ನಿಂತಿದ್ದರು. ಟ್ರೇಡರ್ ಅಂಗಡಿ ಕಂಡುಹಿಡಿದದ್ದು "ಬರೀ ಹಿಂದೆ ಓಡ್ತಾ ಇದ್ದೆ" ಅಂದವರು. "ಇರಿ, ಅಲ್ಲೇ ಇರಿ, ನಾನು ಬಂದು ಕರ್ಕೊಂಡು ಹೋಗ್ತೀನಿ" ಅಂದಾಗಿನ ಅವರ ದನಿ ನನಗೆ ಇನ್ನೂ ಕೇಳಿದ ಹಾಗಿದೆ. ಏಳನೇ ರಾತ್ರಿಯ ಬ್ಲಡ್ ಮೂನ್‌ಗೆ, ಅಂದರೆ ಜೊಂಬಿಗಳು ಹಿಂಡಾಗಿ ನುಗ್ಗುವ ರಾತ್ರಿಗೆ, ಬೇಸ್ ಎಲ್ಲಿ ಕಟ್ಟಬೇಕು ಅನ್ನುವುದನ್ನು ಎಂಟು ಜನರೂ ಸೇರಿ, ಜಗಳ ಆಡಿ, ತೀರ್ಮಾನಿಸಿದರು.

ಆ ಮ್ಯಾಪ್ ಮುಗಿದ ಮೇಲೆ ಮುಂದೆ ಯಾವುದು ಅಂತ ಕೇಳಿದೆ. ಹೊಸಬರಿಬ್ಬರೂ ನವೆಜ್ಗೇನ್ ಅಂದರು. ಹಿಂದಿನ ಸಲ ಓಡಿಕೊಂಡೇ ದಾಟಿದ ಊರುಗಳನ್ನು ಈ ಸಲ ಒಂದೊಂದು ಮನೆಯಾಗಿ ನೋಡಬೇಕಂತೆ. ಹಳಬರು ಒಪ್ಪಿದರು, ಸಾಲಿನಲ್ಲಿ ಕೊನೆಯವರಾಗಿ ಬರುತ್ತೇನೆ ಅಂತಲೂ ಹೇಳಿದರು. ಶನಿವಾರ ಸಂಜೆ ಸರ್ವರ್ ಶುರುವಾಗುತ್ತದೆ.